ವೈನ್ ಸರ್ ಅವರ ಮೂಗು

ಕಳೆದ ಭಾನುವಾರ ಪಲ್ಯಕ್ಕೆ ದೊಣ್ಣೆಮೆಣಸಿನಕಾಯಿ ಹೆಚ್ಚುತ್ತಿದ್ದೆ. ಇಲ್ಲಿ ದೆಹಲಿಯಲ್ಲಿ ಅದು ಶಿಮ್ಲಾ ಮಿರ್ಚಿ. ತರಕಾರಿ ಗಾಡಿಯ ಭಯ್ಯಾನಿಂದ ಆಗಷ್ಟೇ ತಂದದ್ದು. ಚಾಕು ತಗುಲಿದೊಡನೆ ಹಸಿ ಹಸಿ ಘಾಟೊಂದು ಮೂಗಿಗೆ ಬಡಿಯಿತು. "ಮಮ್ಮಾ, ಯೇ ಕೈಸೀ ಸ್ಮೆಲ್ ಹೈ?" ಎಂದು ಪಕ್ಕದ ಕೋಣೆಯಿಂದ ಮಗಳು ಕೂಗಿದಳು. ಯೋಚಿಸದೆ "ಕ್ಯಾಬರ್ನೆ" ಅಂದುಬಿಟ್ಟೆ. ಅದೊಂದು ದ್ರಾಕ್ಷಿಯ ಹೆಸರು, ಕೆಂಪು ವೈನ್ ಮಾಡುವ ದ್ರಾಕ್ಷಿ. ಅವಳಿಗೆ ಏನೂ ಅರ್ಥವಾಗಲಿಲ್ಲ, ನಾನೂ ವಿವರಿಸಲಿಲ್ಲ. ಆ ಹೆಸರನ್ನು ಆ ವಾಸನೆಗೆ ಗಂಟು ಹಾಕಿ ನನ್ನ ತಲೆಯೊಳಗೆ ಇಟ್ಟವರು ನಮ್ಮ ವೈನ್ ಸರ್…

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ಅಪ್ಪ ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರು, ನಮ್ಮ ವಾಸ ಆರ್.ಕೆ. ಪುರಂನ ಕ್ವಾರ್ಟರ್ಸ್‌ನಲ್ಲಿ. ನಾನು ಹಟ ಹಿಡಿದು ಫರೀದಾಬಾದಿನ ಒಂದು ಖಾಸಗಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜಿಗೆ ಸೇರಿದ್ದೆ. ನಮ್ಮದು ಈರುಳ್ಳಿಯನ್ನೂ ವಾರ ನೋಡಿ ತಿನ್ನುವ ಮನೆ. ಅಮ್ಮ ಮೈಸೂರಿನ ನೆಂಟರಿಗೆಲ್ಲ "ಅವಳು ಮ್ಯಾನೇಜ್‌ಮೆಂಟ್ ಓದ್ತಿದಾಳೆ" ಎಂದಷ್ಟೇ ಹೇಳಿ, ಮೊದಲಿನ ಹೋಟೆಲನ್ನು ನುಂಗಿಬಿಡುತ್ತಿದ್ದಳು. ಅಂಥ ಮನೆಯ ಹುಡುಗಿ ಎರಡು ಬಸ್ಸು, ಒಂದು ಶೇರ್ ಆಟೋ ಬದಲಿಸಿ ಹೋಗಿ ವೈನ್ ಪಾಠ ಕೇಳುತ್ತಿದ್ದೆ.

ಸರ್ ಮಂಗಳೂರಿನ ಕ್ರೈಸ್ತರು, ಐವತ್ತು ದಾಟಿದವರು. ಮೊದಲು ದೆಹಲಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಗಳ ಊಟಕ್ಕೆ ತಕ್ಕ ವೈನ್ ಆರಿಸಿಕೊಡುವ ಕೆಲಸದಲ್ಲಿದ್ದರು. ಕಾಲೇಜಿನ ಆವರಣದಲ್ಲೇ ಅವರಿಗೊಂದು ಮನೆ ಕೊಟ್ಟಿದ್ದರು. ಗಂಡ ಹೆಂಡತಿ ಇಬ್ಬರೇ. ಮೊದಲ ದಿನ ಹಾಜರಿ ಕರೆಯುವಾಗ ನನ್ನ ಹೆಸರು ಓದಿ ತಲೆಯೆತ್ತಿ, "ಕನ್ನಡವಾ? ಊರು ಎಂತದು?" ಎಂದು ಕೇಳಿದ್ದರು. ಅಂದಿನಿಂದ ತರಗತಿಯಲ್ಲಿ ಇಂಗ್ಲಿಷ್, ವರಾಂಡದಲ್ಲಿ ಕನ್ನಡ.

ಅವರಿಗೆ ಹೆಸರುಗಳ ಹುಚ್ಚು. ಫ್ರೆಂಚರು ಕ್ಯಾರೆಟ್ಟನ್ನು ಕಡ್ಡಿಯಂತೆ ಕತ್ತರಿಸಿದರೆ ಒಂದು ಹೆಸರು, ಅದೇ ಕಡ್ಡಿಯನ್ನು ಸಣ್ಣ ಚೌಕ ಮಾಡಿದರೆ ಇನ್ನೊಂದು ಹೆಸರು. ಅವನ್ನೆಲ್ಲ ಬಾಯಿಪಾಠ ಮಾಡಿಸಿ, ವರಾಂಡದಲ್ಲಿ ನನ್ನನ್ನು ನಿಲ್ಲಿಸಿಕೊಂಡು "ಈಗ ನಮ್ಮದು ಹೇಳು ನೋಡುವ" ಅನ್ನುತ್ತಿದ್ದರು. ನಾನು ಹೆಚ್ಚು, ಕೊಚ್ಚು, ಸೀಳು, ತುರಿ, ಜಜ್ಜು, ಕುಟ್ಟು, ಅರೆ ಎಂದು ಒಪ್ಪಿಸುತ್ತಿದ್ದೆ. "ನೋಡು, ಅವರು ತುಂಡಿಗೆ ಹೆಸರಿಟ್ಟರು, ನಾವು ಕೈಗೆ ಹೆಸರಿಟ್ಟೆವು" ಎಂದು ಅವರು ಖುಷಿಪಡುತ್ತಿದ್ದರು. ದ್ರಾಕ್ಷಿಗಳ ವಿಷಯದಲ್ಲೂ ಅಷ್ಟೇ. ಪುಸ್ತಕದಲ್ಲಿ ನಾವು ಕಂಡರಿಯದ ಹಣ್ಣುಗಳ ಹೋಲಿಕೆ ಇರುತ್ತಿತ್ತು. ಸರ್ ಅದನ್ನು ಬದಿಗಿಟ್ಟು ಕ್ಯಾಬರ್ನೆಗೆ ದೊಣ್ಣೆಮೆಣಸಿನಕಾಯಿ, ಶಿರಾಜ್‌ಗೆ ಕಾಳುಮೆಣಸು, ರೀಸ್ಲಿಂಗ್ ಹಳತಾದರೆ ಸೀಮೆಎಣ್ಣೆ ಎಂದು ಹೇಳಿಕೊಡುತ್ತಿದ್ದರು. ನಮಗೆ ಕುಡಿಯುವ ವಯಸ್ಸಾಗಿರಲಿಲ್ಲ. ಬಡಿಸುವುದನ್ನು ಗುಲಾಬಿ ಶರಬತ್ತಿನ ನೀರಲ್ಲಿ ಅಭ್ಯಾಸ ಮಾಡುತ್ತಿದ್ದೆವು. ಅಪರೂಪಕ್ಕೊಮ್ಮೆ ನಿಜವಾದ ಬಾಟಲಿ ಬಂದಾಗ ಮೂಸಲು ಮಾತ್ರ ಅನುಮತಿ.

ಆಗೆಲ್ಲ ಸರ್ ಗ್ಲಾಸನ್ನು ಒಮ್ಮೆ ಸುತ್ತಿಸಿ, ಕಣ್ಣು ಮುಚ್ಚಿ, ಮೂಗಿನ ಬಳಿ ಹಿಡಿದು, ನಮ್ಮ ಕಡೆ ಚಾಚುತ್ತಿದ್ದರು. "ನೀವು ಮೊದಲು ಹೇಳಿ." ಒಬ್ಬೊಬ್ಬರೂ ಹೇಳಿದ ಮೇಲೆ, ನಮ್ಮ ಮಾತುಗಳಲ್ಲಿ ನಾಲ್ಕನ್ನು ಆಯ್ದು, ಮೂರನ್ನು ಬಿಟ್ಟು, ಆ ದ್ರಾಕ್ಷಿ ಬೆಳೆದ ಬೆಟ್ಟದವರೆಗೂ ನಮ್ಮನ್ನು ಕರೆದೊಯ್ಯುತ್ತಿದ್ದರು. ಎಂಥ ಮೇಷ್ಟ್ರು, ತಾವು ಹೇಳುವುದಿಲ್ಲ, ನಮ್ಮಿಂದ ಹೇಳಿಸುತ್ತಾರೆ ಎಂದು ಇಡೀ ತರಗತಿ ಕೊಂಡಾಡುತ್ತಿತ್ತು. ನಾನೂ ಕೊಂಡಾಡಿದವಳೇ.

ಒಂದು ಜೂನ್ ತಿಂಗಳು ಅಮ್ಮ ಅವರಿಗೆಂದು ಹುರುಳಿಕಾಯಿ ಹುಳಿ ಕಳಿಸಿದಳು. ಆ ಬಿಸಿಲಲ್ಲಿ ಬಸ್ಸು ಬದರ್‌ಪುರದ ಹತ್ತಿರ ಸಿಕ್ಕಿಹಾಕಿಕೊಂಡಿತು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಡಬ್ಬಿಯ ಮುಚ್ಚಳ ತೆಗೆದಾಗ ಹಳಸಿದ ವಾಸನೆ ಗಪ್ಪೆಂದು ಬಂತು. ಬೇಡ ಸರ್ ಅನ್ನುವಷ್ಟರಲ್ಲಿ ಅವರು ಅನ್ನಕ್ಕೆ ಸುರಿದುಕೊಂಡು ಎರಡು ತುತ್ತು ತಿಂದಾಗಿತ್ತು. "ಅಮ್ಮನಿಗೆ ಹೇಳು, ಇಂಗಿನ ಘಮ ಭಾರೀ ಲಾಯ್ಕ ಉಂಟು" ಅಂದರು. ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು.

"ಹಾಳಾಗಿದೆಯಾ?"

ನಾನು ಹೌದೆಂದು ತಲೆಯಾಡಿಸಿದೆ.

ಅವರು ಎದ್ದು ಬಾಗಿಲು ಹಾಕಿ ಬಂದರು. "ನನಗೆ ಮೂಗು ಇಲ್ಲ ಮಾರಾಯ್ತಿ. ಹೋಟೆಲಲ್ಲಿದ್ದಾಗ ಒಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕೊಂಡುಹೋಯಿತು. ಮಲ್ಲಿಗೆ ಇಲ್ಲ, ಮೀನು ಇಲ್ಲ, ಎಂತದೂ ಇಲ್ಲ. ಹೆಸರು ಮಾತ್ರ ಉಂಟು." ಹುಳಿ ಹೇಗೂ ಹುಳಿಯೇ ಆದ್ದರಿಂದ ನಾಲಿಗೆಗೂ ಮೋಸವಾಗಿತ್ತು. ಆಮೇಲೆ ತಗ್ಗಿದ ದನಿಯಲ್ಲಿ ಅಂದರು: "ನನ್ನ ಹೆಂಡತಿಗೆ ಸಹ ಹೇಳಲಿಲ್ಲ. ಇಲ್ಲಿಯವರಿಗೆ ಗೊತ್ತಾದರೆ ಕೆಲಸ ಹೋಗ್ತದೆ, ಮನೆಯೂ ಹೋಗ್ತದೆ. ಮೂಗಿಲ್ಲದ ವೈನ್ ಮೇಷ್ಟ್ರನ್ನು ಈ ವಯಸ್ಸಲ್ಲಿ ಯಾರು ಇಟ್ಕೊಳ್ತಾರೆ?"

ಆ ಗುಟ್ಟು ನನಗೆ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅಂದಿನಿಂದ ಅವರ ತರಗತಿಯಲ್ಲಿ ನಾನು ನೆಮ್ಮದಿಯಾಗಿ ಕೂತದ್ದೇ ಇಲ್ಲ. ಯಾರಾದರೂ ತಮಾಷೆಗೆ ತಪ್ಪು ವಾಸನೆ ಹೇಳಿದರೆ ನನ್ನ ಎದೆ ಡವಗುಟ್ಟುತ್ತಿತ್ತು. ಸರ್ ಅದನ್ನೇ ಆಯ್ದುಕೊಂಡರೆ? ಅವರು ಕಣ್ಣು ಮುಚ್ಚಿ ಗ್ಲಾಸನ್ನು ಮೂಗಿನ ಬಳಿ ಹಿಡಿದಾಗೆಲ್ಲ ನಾನು ಬೇಗ ಕೈಯೆತ್ತಿ ಸರಿಯಾದದ್ದನ್ನು ಜೋರಾಗಿ ಹೇಳಿಬಿಡುತ್ತಿದ್ದೆ. ಇವಳಿಗೆ ಎಲ್ಲದಕ್ಕೂ ಮುಂದೆ ಬೀಳುವ ಚಟ ಎಂದು ಹುಡುಗಿಯರು ಗೊಣಗುತ್ತಿದ್ದರು. ಗೊಣಗಲಿ ಬಿಡಿ!

ಅಷ್ಟರಲ್ಲಿ ಹೊಸ ಪ್ರಿನ್ಸಿಪಾಲರು ಬಂದರು. ವಾರಕ್ಕೆ ಎರಡು ದಿನ ಅಡುಗೆಮನೆಯ ಪಾಠವೂ ನಮ್ಮ ಸರ್‌ದೇ ಆಗಿತ್ತು. ಅಲ್ಲೊಮ್ಮೆ ಕೆಟ್ಟ ಕೆನೆ ಹಾಕಿದ ಬಿಳಿ ಸಾಸನ್ನು ಸರ್ "ಚೆನ್ನಾಗಿದೆ" ಎಂದು ದಾಟಿಸಿಬಿಟ್ಟರು. ಅದು ಹೋಗಿ ಪ್ರಿನ್ಸಿಪಾಲರ ತಟ್ಟೆಗೇ ಬಿತ್ತು. ಅವರು ಕೂಗಾಡುವ ಜಾತಿಯಲ್ಲ, ನಗುವ ಜಾತಿ. ಮರುದಿನದಿಂದ ಸರ್ ಪಾಠ ಮಾಡುವಾಗ ಹಿಂದಿನ ಬೆಂಚಿನಲ್ಲಿ ಬಂದು ಕೂರತೊಡಗಿದರು. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಕೋಪ.

ಫೆಬ್ರವರಿಯಲ್ಲಿ ನಮ್ಮ ಕೊನೆಯ ಪ್ರಾಯೋಗಿಕ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದು, ನಾವು ಮಾಡಿದ ಊಟ ಉಂಡು, ನಾವು ಬಡಿಸುವುದನ್ನು ನೋಡಿ ಅಂಕ ಕೊಡುವುದು ರೂಢಿ. ಅವತ್ತು ಬೆಳಿಗ್ಗೆ ಪ್ರಿನ್ಸಿಪಾಲರು ಎಲ್ಲರೆದುರು ಘೋಷಿಸಿದರು: ಈ ಸಲ ಮೂರು ಬಾಟಲಿಗಳಿಗೂ ಬಟ್ಟೆ ಸುತ್ತಿರುತ್ತದೆ, ನಮ್ಮ ಸರ್ ಮೂಸಿ, ರುಚಿ ನೋಡಿ, ಯಾವ ದ್ರಾಕ್ಷಿ ಎಂದು ಪರೀಕ್ಷಕರಿಗೆ ಹೇಳುತ್ತಾರೆ, ಮಕ್ಕಳಿಗೂ ಕಲಿತಂತಾಗುತ್ತದೆ. ಹೇಳಿ ನಕ್ಕರು. ಸರ್ ಕೂಡ ನಕ್ಕು "ಶೂರ್" ಅಂದರು. ಅವರ ಕುತ್ತಿಗೆಯ ನರ ಹಾರುತ್ತಿದ್ದುದು ಪಕ್ಕದಲ್ಲಿದ್ದ ನನಗೆ ಕಾಣುತ್ತಿತ್ತು.

ಬಡಿಸುವ ಪಾಳಿ ನನ್ನದು. ವರಾಂಡದಲ್ಲಿ ಅವರನ್ನು ಅಡ್ಡಗಟ್ಟಿದೆ. "ಸರ್, ಸುರಿಯೋಳು ನಾನೇ ಅಲ್ವಾ? ಬಾಟಲಿ ಬಾಯಿ ಒರೆಸೋವಾಗ ಮೂಸಿ ನೋಡಿ ಕನ್ನಡದಲ್ಲಿ ಹೇಳ್ತೀನಿ. ಇಲ್ಲಿ ಯಾರಿಗೆ ಕನ್ನಡ ಬರುತ್ತೆ?"

"ಬೇಡ ಮಾರಾಯ್ತಿ. ಸಿಕ್ಕಿಬಿದ್ದರೆ ನಿನ್ನ ಪರೀಕ್ಷೆ ಸಹ ಹೋಗ್ತದೆ."

"ಹೋದ್ರೆ ಹೋಗ್ಲಿ ಸರ್."

ಅವರು ಟೈ ಸರಿಮಾಡಿಕೊಂಡು ಊಟದ ಹಾಲಿಗೆ ನಡೆದರು.

ಪರೀಕ್ಷಕರು ವಯಸ್ಸಾದ ಪಂಜಾಬಿ ಹೆಂಗಸು. ಬಿಳಿ ಕೂದಲನ್ನು ಗಿಡ್ಡ ಕತ್ತರಿಸಿದ್ದರು, ಮಾತು ಕಡಿಮೆ. ಅವರ ಪಕ್ಕ ಪ್ರಿನ್ಸಿಪಾಲರು. ಗೋಡೆಗುಂಟ ನಮ್ಮ ತರಗತಿಯವರೆಲ್ಲ ಕೈಕಟ್ಟಿ ನಿಂತಿದ್ದರು. ಮೊದಲ ಬಾಟಲಿ ತಂದೆ. ಸರ್ ಗ್ಲಾಸಿಗೆ ಎರಡು ಬೆರಳಷ್ಟು ಸುರಿದು, ಬಾಟಲಿಯ ಬಾಯಿ ಒರೆಸುವ ನೆಪದಲ್ಲಿ ಬಗ್ಗಿ ಉಸಿರೆಳೆದೆ. ನ್ಯಾಪ್ಕಿನ್ ಎಲ್ಲಿಡಲಿ ಎಂದು ಕೇಳುವ ದನಿಯಲ್ಲಿ, "ಸರ್, ಸೀಬೆಕಾಯಿ. ಆಗ ತಾನೇ ಕೊಯ್ದ ಹುಲ್ಲು" ಅಂದೆ.

ಸರ್ ಕದಲಲಿಲ್ಲ. ಎಂದಿನಂತೆ ಗ್ಲಾಸು ಸುತ್ತಿಸಿದರು, ಕಣ್ಣು ಮುಚ್ಚಿದರು. ಒಂದು ಗುಟುಕು ಬಾಯಿಗೆ ಹಾಕಿಕೊಂಡರು. "ಸೊವಿನ್ಯೋ ಬ್ಲಾಂ" ಎಂದು ಶುರುಮಾಡಿ, ತಂಪು ನಾಡಿನ ದ್ರಾಕ್ಷಿ, ಹಸಿರು ವಾಸನೆ, ಜೊತೆಗೆ ಪನೀರ್ ಟಿಕ್ಕಾ ಒಳ್ಳೆಯದು ಎಂದು ಸರಾಗವಾಗಿ ಹೇಳಿದರು. ಪರೀಕ್ಷಕರು ಬಟ್ಟೆ ಸರಿಸಿ ಚೀಟಿ ನೋಡಿ ತಲೆಯಾಡಿಸಿದರು. ನನ್ನ ಬೆನ್ನಲ್ಲಿ ಬೆವರು ಇಳಿಯುತ್ತಿತ್ತು, ಫೆಬ್ರವರಿಯ ಚಳಿಯಲ್ಲಿ!

ಎರಡನೆಯದು ಕೆಂಪು. ಸುರಿಯುವಾಗ ಮೇಜುಬಟ್ಟೆಯ ಮೇಲೆ ಒಂದು ಹನಿ ಬಿತ್ತು. "ಕಾಳುಮೆಣಸು, ಸರ್" ಅಂದೆ. ಒಂದು ಕ್ಷಣ ಬಿಟ್ಟು, "ನೇರಳೆಹಣ್ಣು" ಎಂದು ಸೇರಿಸಿದೆ. ಸರ್ ಶಿರಾಜ್ ಅಂದರು. ಅದೂ ಸರಿಯಾಯಿತು. ಗೋಡೆಯ ಬಳಿ ನಿಂತ ಹುಡುಗರು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಪ್ರಿನ್ಸಿಪಾಲರ ನಗು ತುಟಿಯಂಚಿಗೆ ಸರಿದಿತ್ತು. ಪರೀಕ್ಷಕರು ಮಾತ್ರ ಸರ್ ಅನ್ನು ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದರು.

ಮೂರನೆಯ ಬಾಟಲಿ ಬಗ್ಗಿಸಿದೆ. ಮೂಗಿಗೆ ಬಂದದ್ದು ಹಣ್ಣಲ್ಲ, ಹೂವಲ್ಲ, ವಿನೆಗರ್. ಯಾವತ್ತೋ ತೆರೆದಿಟ್ಟು ಕೆಟ್ಟುಹೋದದ್ದು. ಬೇಕೆಂದೇ ಇಟ್ಟಿದ್ದರೋ, ಅಕಸ್ಮಾತ್ತಾಗಿ ಬಂದಿತ್ತೋ, ಇವತ್ತಿಗೂ ನನಗೆ ಗೊತ್ತಿಲ್ಲ. ಹೇಳಲೆಂದು ಬಾಯಿ ತೆರೆದೆ.

"ಹುಡುಗಿ ಸ್ವಲ್ಪ ಹಿಂದೆ ಹೋಗಲಿ" ಎಂದರು ಪರೀಕ್ಷಕರು ಇಂಗ್ಲಿಷಿನಲ್ಲಿ. "ಗೋಡೆಯ ಹತ್ತಿರ."

ಹೋದೆ. ಬೇರೆ ದಾರಿಯೇ ಇರಲಿಲ್ಲ. ಸರ್ ಗ್ಲಾಸು ಎತ್ತಿಕೊಂಡು ಒಮ್ಮೆ ನನ್ನತ್ತ ನೋಡಿದರು. ನನ್ನ ಮುಖ ಏನಾದರೂ ಹೇಳೀತೆಂದು ಪ್ರಿನ್ಸಿಪಾಲರೂ ನನ್ನನ್ನೇ ನೋಡಿದರು. ಅತಿಥಿಯ ಮುಂದೆ ಏನೇ ವಾಸನೆ ಬಂದರೂ ಮುಖ ಕಿವುಚಬಾರದೆಂದು ಎರಡು ವರ್ಷ ತಿದ್ದಿ ತಿದ್ದಿ ಕಲಿಸಿದವರೇ ಸರ್. ಕಲ್ಲಿನಂತೆ ನಿಂತೆ. ಅವರು ಗ್ಲಾಸು ಸುತ್ತಿಸಿ, ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿದರು. ಈಗ "ಕ್ಯಾಬರ್ನೆ" ಅಂದುಬಿಡುತ್ತಾರೆ, ಮುಗಿಯಿತು, ಕೆಲಸ ಮುಗಿಯಿತು, ಮನೆ ಮುಗಿಯಿತು ಎಂದು ನನ್ನ ಮನಸ್ಸು ಬಡಕೊಳ್ಳುತ್ತಿತ್ತು. ಅವರು ಬಾಯಿಗೆ ಹಾಕಿಕೊಂಡರು. ನುಂಗಲಿಲ್ಲ. ಬಹಳ ಹೊತ್ತು ನುಂಗಲಿಲ್ಲ… ಆಮೇಲೆ ಪಕ್ಕದ ಬಟ್ಟಲಿಗೆ ಉಗಿದು, ಗ್ಲಾಸನ್ನು ಮೇಜಿನ ಮೇಲೆ ಇಟ್ಟು ದೂರ ಸರಿಸಿದರು.

"ಮ್ಯಾಡಮ್, ಇದರ ದ್ರಾಕ್ಷಿ ಹೇಳಲಾರೆ. ಇದು ಕೆಟ್ಟಿದೆ. ಇದನ್ನು ನಾನು ಯಾವ ಅತಿಥಿಗೂ ಬಡಿಸುವುದಿಲ್ಲ."

ಪರೀಕ್ಷಕರು ಮೂಸಿ ನೋಡಿ, ಗ್ಲಾಸನ್ನು ಪ್ರಿನ್ಸಿಪಾಲರ ಮೂಗಿನ ಬಳಿಗೇ ಹಿಡಿದರು. ಅವರ ನಗು ಪೂರ್ತಿ ಹೋಯಿತು. ಅವತ್ತಿನಷ್ಟು ಖುಷಿ ನನ್ನ ಮದುವೆಯ ದಿನವೂ ಆಗಿರಲಿಲ್ಲ. ಆ ಬಿಳಿ ಸಾಸಿನಲ್ಲಿ ಎಡವಿದ ದಿನದಿಂದ ಸರ್ ಮನೆಯಲ್ಲಿ ನೀರಿಗೆ ವಿನೆಗರ್ ಹನಿಸಿ ಹನಿಸಿ ನಾಲಿಗೆಯನ್ನು ಪಳಗಿಸಿಕೊಂಡಿದ್ದರಂತೆ, ಆಮೇಲೆ ಹೇಳಿದರು.

ಎಲ್ಲ ಮುಗಿದು ನಾವಿಬ್ಬರೂ ಕೈತೊಳೆಯುವಲ್ಲಿ ನಿಂತಿದ್ದಾಗ ಪರೀಕ್ಷಕರು ಬಂದರು. ನಲ್ಲಿ ತಿರುಗಿಸಿ, ಕೈಗೆ ಸೋಪು ಹಚ್ಚುತ್ತಾ, ಶುದ್ಧ ಬೆಳಗಾವಿ ಕನ್ನಡದಲ್ಲಿ ಅಂದರು: "ಸೀಬೆಕಾಯಿಗೆ ನಮ್ಮ ಕಡೆ ಪೇರಲಹಣ್ಣ ಅಂತಾರವ್ವಾ."

ದೆಹಲಿಯ ಕನ್ನಡಿಗರೆಲ್ಲ ಮಾಡುವ ತಪ್ಪು ಇದು. ಬಸ್ಸಿನಲ್ಲಿ ಎದುರು ಕೂತವರ ಬೋಳುತಲೆಯನ್ನು ಕನ್ನಡದಲ್ಲಿ ಆಡಿಕೊಂಡು, ಇಳಿಯುವಾಗ ಅವರು "ಸ್ವಲ್ಪ ದಾರಿ ಬಿಡಿ" ಅಂದಾಗ ಬೆಪ್ಪಾದವರು ಎಷ್ಟು ಜನವೋ! ಆಕೆಯ ಗಂಡ ಸೈನ್ಯದಲ್ಲಿದ್ದರಂತೆ, ಬೆಳಗಾವಿಯಲ್ಲಿ ಬಹಳ ವರ್ಷ ಇದ್ದರಂತೆ.

"ಹೆದರಬ್ಯಾಡ್ರಿ" ಎಂದರು ಸರ್‌ಗೆ. "ನಾ ಯಾರ ಮುಂದನೂ ಹೇಳಂಗಿಲ್ಲ. ಹಾಳಾದದ್ದು ತಿಳಿತಲ್ಲ, ಸಾಕು. ಮೂಗಿಲ್ದನೂ ವೈನ್ ಹಾಕಬಹುದ್ರಿ. ಆದ್ರ ಅಡಿಗಿಮನ್ಯಾಗೂ ನೀವೇ ಇರ್ತೀರಂತ. ಗ್ಯಾಸ್ ಸೋರಿದ್ರ ಹ್ಯಾಂಗ್ರೀ?"

ಕೈ ಒರೆಸಿಕೊಂಡು ಹೋದರು. ಸರ್ ನಲ್ಲಿ ಮುಚ್ಚುವುದನ್ನೂ ಮರೆತು ನಿಂತಿದ್ದರು. ನಾನೇ ಮುಚ್ಚಿದೆ.

ಮರುದಿನ ಬೆಳಿಗ್ಗೆ ಸರ್ ತಾವಾಗಿಯೇ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿ ಕೆಲಸ ಬಿಟ್ಟರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗೆದ್ದಮೇಲೆ ಯಾರಾದರೂ ಸೋಲನ್ನು ಕೇಳಿ ಪಡೆಯುತ್ತಾರೆಯೇ? ಅವರ ಮನೆಗೆ ಹೋಗಿ, ಬಾಗಿಲಲ್ಲೇ ಜಗಳಕ್ಕೆ ನಿಂತೆ. "ವೈನ್ ಪಾಠ ಇಟ್ಕೊಂಡು ಅಡುಗೆಮನೆ ಬಿಡಬಹುದಿತ್ತಲ್ಲ ಸರ್!"

"ಯಾಕೆ ಬಿಡ್ತೀರಿ ಅಂತ ಕೇಳ್ತಾರಲ್ಲ. ಕೇಳಿದರೆ ಎಂತ ಹೇಳುವುದು?" ಅಂದರು. "ಇಷ್ಟು ವರ್ಷ ನನ್ನ ಕೆಲಸದ ಹೆದರಿಕೆ ಮಾತ್ರ ಇತ್ತು ಮಾರಾಯ್ತಿ. ನೀವಷ್ಟೂ ಮಕ್ಕಳು ಒಲೆಯ ಸುತ್ತ ನಿಂತಿರ್ತಿದ್ದಿರಿ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಕಡ್ಡಿ ಗೀರ್ತಾ ಇದ್ದದ್ದು ನಾನು. ಅದು ಒಂದು ದಿನವೂ ತಲೆಗೆ ಬರ್ಲಿಲ್ಲ."

ಒಳಗೆ ಸಾಮಾನು ಕಟ್ಟುತ್ತಿದ್ದ ಅವರ ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿದರು. ಹಿಂದಿನ ರಾತ್ರಿ ಆಕೆಗೂ ಹೇಳಿದ್ದರಂತೆ. ಆಕೆಗೆ ಮೊದಲೇ ಗೊತ್ತಿತ್ತು. ಯಾವಾಗಲೋ ಅನುಮಾನ ಬಂದು, ಊರಿನಿಂದ ತರಿಸಿದ ತೆಂಗಿನೆಣ್ಣೆಯನ್ನು ಬಿಟ್ಟು, ದೆಹಲಿಯವರ ಸಾಸಿವೆ ಎಣ್ಣೆಯಲ್ಲಿ ಮೀನಿನ ಸಾರು ಮಾಡಿದ್ದರಂತೆ. ಮಂಗಳೂರಿನವರು ಆ ಘಾಟಿಗೆ ಮನೆ ಬಿಟ್ಟು ಓಡಬೇಕು. "ನಾನು ಎರಡು ಸಲ ಹಾಕಿಸಿಕೊಂಡು, ಊರಿನದ್ದೇ ಪರಿಮಳ ಅಂದೆನಂತೆ" ಎಂದು ಹೇಳಿ ಸರ್ ನಗಲು ನೋಡಿದರು. ಆ ದಿನದಿಂದ ಆಕೆ ಅಡುಗೆ ಹೇಗಿದೆ ಎಂದು ಕೇಳುವುದನ್ನೇ ನಿಲ್ಲಿಸಿದ್ದರು. ಗಂಡ ಸುಳ್ಳು ಹೇಳಬೇಕಾಗುತ್ತದಲ್ಲ ಎಂದು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಅವರ ಮನೆಯ ಹೊಸ್ತಿಲಲ್ಲಿ ಕೂತು ಅತ್ತುಬಿಟ್ಟೆ.

ಅವರು ಮಾನೇಸರ್‌ಗೆ ಹೋದರು. ಅಲ್ಲೊಂದು ಕಾರ್ಖಾನೆಯ ಕ್ಯಾಂಟೀನಿಗೆ ಬರುವ ಅಕ್ಕಿ, ಬೇಳೆ, ಎಣ್ಣೆಯ ದಾಸ್ತಾನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಒಲೆಯ ಹತ್ತಿರ ಹೋಗಬೇಕಿರಲಿಲ್ಲ. ನಾನು ಹೋಟೆಲೊಂದರಲ್ಲಿ ಕೆಲಸಕ್ಕೆ ಸೇರಿದೆ. ಆಗಾಗ ಫೋನ್ ಮಾಡುತ್ತಿದ್ದೆ, ಹೋಗಲಾಗುತ್ತಿರಲಿಲ್ಲ. ಕೆಲವು ವರ್ಷಗಳ ಮೇಲೆ ಅವರ ಹೆಂಡತಿ ತೀರಿಕೊಂಡರೆಂದು ತಿಳಿದು ಒಂದು ಮಧ್ಯಾಹ್ನ ಹೋದೆ. ಎರಡನೇ ಮಹಡಿಯ ಸಣ್ಣ ಮನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನಗಾಗಿ ಕಾಯುತ್ತಿದ್ದರು. ಕೂತು ಅದೂ ಇದೂ ಮಾತಾಡಿದೆವು. ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಕೇಳಿದರು:

"ಒಂದು ಕೇಳ್ತೇನೆ, ನಿಜ ಹೇಳು. ಮನೆಗೆ ಎಂತ ವಾಸನೆ ಉಂಟು? ಅವಳು ಇರುವಾಗ ಹೇಳ್ತಿದ್ದಳು. ಈಗ ಹೇಳುವವರಿಲ್ಲ."

ಉಸಿರೆಳೆದುಕೊಂಡೆ. ಅವರೆದುರು ಅಷ್ಟು ಕಷ್ಟದ ಪರೀಕ್ಷೆ ನನಗೆ ಕಾಲೇಜಿನಲ್ಲೂ ಆಗಿರಲಿಲ್ಲ. "ಕಾಫಿ ವಾಸನೆ ಸರ್" ಅಂದೆ. "ಘಮ್ ಅಂತಿದೆ. ಮೊದಲಿನ ಮನೆ ಥರಾನೇ ಇದೆ."

ಅವರು ನನ್ನನ್ನೇ ನೋಡಿದರು. "ಕಾಫಿಪುಡಿ ಮುಗಿದು ಒಂದು ತಿಂಗಳಾಯ್ತಲ್ಲ ಮಾರಾಯ್ತಿ" ಅಂದರು, ಬಹಳ ಮೆತ್ತಗೆ. ಬೈಯಲಿಲ್ಲ. ಎದ್ದು ಹೋಗಿ ಮನೆಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ತೆರೆದರು.

ಆಮೇಲೆ ನಾನು ಅವರನ್ನು ನೋಡಲಿಲ್ಲ. ಅವರು ಹೋದ ಸುದ್ದಿ ಹಳೆಯ ಸಹಪಾಠಿಯೊಬ್ಬಳಿಂದ ತಡವಾಗಿ ಬಂತು… ಆ ಮಧ್ಯಾಹ್ನ ನಿಮ್ಮ ಮನೆಯಲ್ಲಿದ್ದದ್ದು ಒಣಗದ ಬಟ್ಟೆ, ಸರ್. ಒಡೆದ ಹಾಲು. ಬಹಳ ದಿನ ಒಗೆಯದ ಹೊದಿಕೆಯ ಮುಗ್ಗಲು. ನೀವು ಕಲಿಸಿದ ಹಾಗೆ ಒಂದೊಂದನ್ನೂ ಬಿಡಿಸಿ ಹೇಳಬಲ್ಲೆ. ಇವತ್ತು ಇಲ್ಲಿ ಒಬ್ಬಳೇ ನಿಂತು ಹೇಳುತ್ತಿದ್ದೇನೆ, ಕೇಳಿದವರು ಇಲ್ಲ.